ಒಂದೇ ಊರು, ಎರಡು ಬಿಸಿಲು: ಹಾಸ್ಟೆಲ್ ಛಾವಣಿಯ ಲೆಕ್ಕದಲ್ಲಿ ಸಿಕ್ಕ ದೂರದ ಮೋಡ

ಮೇ ತಿಂಗಳ ಒಂದು ಭಾನುವಾರ ಸಂಜೆ. ಕಲಬುರಗಿಯಲ್ಲಿ ಆ ಹೊತ್ತಿಗೆ ಮನೆಯೊಳಗೆ ಕೂಡೋಕೆ ಆಗಲ್ಲ. ಮಾಳಿಗೆ ಮೇಲೆ ಎರಡು ಬಕೆಟ್ ನೀರು ಚೆಲ್ಲಿ, ಶಹಾಬಾದ್ ಫರ್ಸಿ ಕಲ್ಲು ಸ್ವಲ್ಪ ತಣಿದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಲ್ಯಾಪ್‌ಟಾಪನ್ನು ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ಪಿಯುಸಿಯಲ್ಲಿ ನನ್ನ ಹತ್ತಿರ ಫಿಸಿಕ್ಸ್ ಕಲಿತ ಹುಡುಗ. ಈಗ ಸಿವಿಲ್ ಇಂಜಿನಿಯರ್. ಕಟ್ಟಡಗಳ ನಕ್ಷೆ ಮಾಡುವ ಸಣ್ಣ ಆಫೀಸಿನಲ್ಲಿ ಕೆಲಸ.

"ಸರ್, ಬೈಬ್ಯಾಡ್ರಿ. ಎಲ್ಲೋ ತಪ್ಪು ಮಾಡೀನಿ. ಎಲ್ಲಿ ಅಂತ ಗೊತ್ತಾಗವಲ್ದು."

ವಿಷಯ ಇಷ್ಟು. ಊರ ಹೊರಗೆ ಒಂದು ವಿದ್ಯಾರ್ಥಿ ಹಾಸ್ಟೆಲ್ ಕಟ್ಟಬೇಕು. ಕಟ್ಟಿಸುವವರು ಬುದ್ಧಿವಂತರು. ಈಗಿನ ಬಿಸಿಲಿಗೆ ಮಾತ್ರ ಛಾವಣಿ ಮಾಡಬೇಡಿ, ಇನ್ನು ನಲವತ್ತು ಐವತ್ತು ವರ್ಷಕ್ಕೆ ಎಷ್ಟು ಕಾಯುತ್ತೆ ನೋಡಿ ಮಾಡಿ ಅಂದಿದ್ದರು. ಆಫೀಸಿನ ಮಾಲೀಕರು ಅದನ್ನು ಇವನ ತಲೆಗೆ ಕಟ್ಟಿದರು. ಇವನು ಜಾಗತಿಕ ಹವಾಮಾನ ಮಾದರಿಗಳ (ಮುಂದಿನ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂಗಳ) ಭಂಡಾರಕ್ಕೆ ಹೋಗಿ ಕಲಬುರಗಿಯ ಅಕ್ಷಾಂಶ ರೇಖಾಂಶ ಕೊಟ್ಟು ಎರಡು ಮಾದರಿಗಳ ಅಂಕಿ ಇಳಿಸಿಕೊಂಡಿದ್ದ. ಒಂದು ಕೆನಡಾದ ಕ್ಯಾನ್‌ಇಎಸ್‌ಎಂ5. ಇನ್ನೊಂದು ರಷ್ಯಾದ ಐಎನ್‌ಎಂ. ಎರಡಕ್ಕೂ ಒಂದೇ ಊರು, ಜಗತ್ತು ಮುಂದೆ ಎಷ್ಟು ಹೊಗೆ ಬಿಡುತ್ತೆ ಅನ್ನೋ ಅಂದಾಜೂ ಒಂದೇ. ಆದರೆ ಪರದೆ ಮೇಲೆ ಉಷ್ಣಾಂಶದ ಎರಡು ಗೆರೆ ಬೇರೆ ಬೇರೆ ದಾರಿ ಹಿಡಿದಿದ್ದವು. ಕೆನಡಾದ ಕೆಂಪು ಗೆರೆ ಏಣಿ ಹತ್ತಿದ ಹಾಗೆ. ರಷ್ಯಾದ ನೀಲಿ ಗೆರೆ ಎತ್ತಿನ ಗಾಡಿ ದಿಬ್ಬ ಏರಿದ ಹಾಗೆ.

ಮಾಲೀಕರು ಇದನ್ನು ನೋಡಿ, "ಒಂದ ಊರಿಗಿ ಎರಡು ಬಿಸಲು ಹ್ಯಾಂಗ ಬರ್ತದೋ?" ಅಂದಿದ್ದರಂತೆ. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಹುಡುಕೋಕೆ ನಮಗೆ ಮೂರು ಭಾನುವಾರ ಹಿಡಿಯಿತು. ಬೇರೆಯವರೂ ಈ ಗುಂಡಿಗೆ ಬೀಳಬಹುದು ಅನ್ನಿಸಿ ಇಡೀ ಕತೆ ಬರೆದಿಡುತ್ತಿದ್ದೇನೆ.

ಮೊದಲು ಹುಡುಕಿದ್ದು ನಮ್ಮದೇ ತಪ್ಪು

ಇಂಥ ಕಡೆ ನೂರಕ್ಕೆ ತೊಂಬತ್ತು ಸಲ ತಪ್ಪು ಅಂಕಿ ಇಳಿಸಿದವರದ್ದೇ ಇರುತ್ತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು.

ಮಾದರಿಗಳು ಉಷ್ಣಾಂಶವನ್ನು ಕೆಲ್ವಿನ್‌ನಲ್ಲಿ ಕೊಡುತ್ತವೆ. ಒಂದರಿಂದ 273.15 ಕಳೆದು ಇನ್ನೊಂದರಿಂದ 273 ಮಾತ್ರ ಕಳೆದನಾ ಅಂತ ನೋಡಿದೆ. ಇಲ್ಲ. ಹೊಗೆಯ ಅಂದಾಜು ಬೇರೆಯಾಗಿದೆಯಾ? ಅದೂ ಇಲ್ಲ. ಎರಡೂ ಎಸ್‌ಎಸ್‌ಪಿ2-4.5, ಅಂದರೆ ತೀರಾ ಒಳ್ಳೆಯದೂ ಅಲ್ಲ, ತೀರಾ ಕೆಟ್ಟದ್ದೂ ಅಲ್ಲ ಅನ್ನುವ ನಡುವಿನ ದಾರಿ. ದಿನಗಳ ಲೆಕ್ಕ? ಅದೊಂದು ತಮಾಷೆ. ಈ ಮಾದರಿಗಳಲ್ಲಿ ಹಲವಕ್ಕೆ ಫೆಬ್ರವರಿ 29 ಅನ್ನೋದೇ ಇಲ್ಲ. ಬ್ರಿಟನ್ನಿನ ಮಾದರಿಯಲ್ಲಂತೂ ಎಲ್ಲಾ ತಿಂಗಳಿಗೂ 30 ದಿನ, ವರ್ಷಕ್ಕೆ 360. ಇವನು ಅದನ್ನೂ ಸರಿಯಾಗಿ ಗಮನಿಸಿದ್ದ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದ ಹುಡುಗ ಇಷ್ಟು ಜೋಪಾನ ಆಗಿದ್ದಾನಲ್ಲ ಅಂತ ಖುಷಿಯಾಯಿತು.

ಆಮೇಲೆ ಚೌಕ. ಮಾದರಿಗೆ ಕಲಬುರಗಿ ಅಂತ ಒಂದು ಊರು ಗೊತ್ತಿಲ್ಲ. ಅದು ಭೂಮಿಯನ್ನೆಲ್ಲ ಚೌಕ ಚೌಕ ಮಾಡಿ, ಒಂದು ಚೌಕಕ್ಕೆ ಒಂದೇ ಉಷ್ಣಾಂಶ ಕೊಡುತ್ತೆ. ಕೆನಡಾದ ಮಾದರಿಯ ಚೌಕದ ಒಂದು ಬದಿ ಸುಮಾರು 300 ಕಿಲೋಮೀಟರ್. ನಮ್ಮ ಕಲಬುರಗಿ ಜಿಲ್ಲೆ ಸುಮಾರು 11 ಸಾವಿರ ಚದರ ಕಿಲೋಮೀಟರ್. ಬೀದರ್, ಯಾದಗಿರಿ ಸೇರಿಸಿದರೂ ಆ ಚೌಕದ ಕಾಲು ಭಾಗ ತುಂಬುವುದಿಲ್ಲ. ರಷ್ಯಾದ್ದು ಅದಕ್ಕಿಂತ ಸಣ್ಣ ಚೌಕ, ಆದರೂ ಜಿಲ್ಲೆಗಿಂತ ದೊಡ್ಡದು.

"ಇವೇ ಎರಡು ಯಾಕೆ ಆರಿಸಿದೆ?" ಅಂತ ಕೇಳಿದೆ.

"ಫೈಲ್ ಸಣ್ಣವಿದ್ವು ಸರ್. ಲಗೂನ ಇಳದ್ವು."

ಚೌಕ ದೊಡ್ಡದಾದಷ್ಟೂ ಫೈಲ್ ಸಣ್ಣದು, ಸಹಜ. ಈ ಮಾತನ್ನು ಆಗ ನಕ್ಕು ಬಿಟ್ಟುಬಿಟ್ಟೆ. ಅದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗಿದ್ದು ಮೂರನೇ ವಾರ.

ಚೌಕಗಳು ಬೇರೆ ಅಂದ ಮೇಲೆ ಇವತ್ತಿನ ಉಷ್ಣಾಂಶವೇ ಎರಡರಲ್ಲೂ ಬೇರೆ ಇರುತ್ತೆ. ಅದಕ್ಕೆ ಮದ್ದು ಇದೆ. ನೇರ ಅಂಕಿ ಬಿಟ್ಟು ಏರಿಕೆ ಎಷ್ಟು ಅಂತ ಮಾತ್ರ ತೆಗೆದುಕೊಂಡು, ಅದನ್ನು ಹವಾಮಾನ ಇಲಾಖೆಯ ಕಲಬುರಗಿ ದಾಖಲೆಗೆ ಕೂಡಿಸಬೇಕು. ಹಾಗೆ ಮಾಡಿದೆವು. ಗೆರೆಗಳು ಒಂದೇ ಜಾಗದಿಂದ ಹೊರಟವು. ಮುಂದೆ ಹೋಗ್ತಾ ಮತ್ತೆ ದೂರವಾದವು.

ಹುಡುಗನ ತಪ್ಪು ಏನೂ ಇರಲಿಲ್ಲ.

ತಲೆ ಮೇಲಿನ ಮೋಡದ ಮೇಲೆ ಅನುಮಾನ

ಹವಾಮಾನ ಮಾದರಿಗಳು ಒಂದಕ್ಕೊಂದು ಒಪ್ಪದೇ ಇದ್ದರೆ ಮೊದಲು ಮೋಡ ನೋಡು ಅನ್ನೋದು ಈ ವಿಷಯ ಓದಿದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ತಪ್ಪು ಮೋಡದ ಬೆನ್ನು ಹತ್ತಿದೆ.

ಎರಡನೇ ಭಾನುವಾರ ಆಳಂದ ತಾಲೂಕಿನಿಂದ ನಮ್ಮ ಕಾಕಾ ಬಂದಿದ್ದರು. ತೊಗರಿ ಬೆಳೆಗಾರರು. ನಮ್ಮ ಮಾತು ಕೇಳಿ ಅವರಿಗೆ ನಗು. "ಅಲ್ಲೋ ತಮ್ಮಾ, ನಮ್ಮ ಹೊಲ್ದಾಗ ಮಳಿ ಬಂದ್ರ ಎತ್ತಿನ ಒಂದು ಕೋಡು ತೊಯ್ತದ, ಇನ್ನೊಂದು ಒಣಾನೇ ಇರ್ತದ. ಮುನ್ನೂರು ಕಿಲೋಮೀಟರಿಗಿ ಒಂದು ಮಾಡ ಅಂದ್ರ ಹ್ಯಾಂಗ?" ನಮ್ಮ ಕಡೆ ಹಳಬರು ಮೋಡಕ್ಕೆ 'ಮಾಡ' ಅಂತಲೇ ಅನ್ನೋದು.

ಕಾಕಾ ಹೇಳಿದ್ದು ಈ ಇಡೀ ವಿಜ್ಞಾನದ ತಲೆನೋವು. ಜೂನ್ ತಿಂಗಳಲ್ಲಿ ಎರಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಮೋಡದ ನೆರಳು ಹೊಲದ ಮೇಲೆ ನಡೆದುಕೊಂಡು ಹೋಗುತ್ತೆ. ಒಂದು ಹೊಲದಲ್ಲಿ ನೆರಳು, ಪಕ್ಕದ್ದರಲ್ಲಿ ಬಿಸಿಲು. ಆ ಮೋಡದ ಅಗಲ ಒಂದು ಕಿಲೋಮೀಟರೂ ಇರಲ್ಲ. ಮಾದರಿಯ ಚೌಕ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಚೌಕದ ಸರಾಸರಿ ತೇವಾಂಶ ಶೇ. 80 ಅಂದುಕೊಳ್ಳಿ. ಶೇ. 100 ಆದರೆ ತಾನೇ ಆವಿ ಹನಿಯಾಗೋದು? ಸರಾಸರಿ ಲೆಕ್ಕದಲ್ಲಿ ಮೋಡವೇ ಇಲ್ಲ. ನಿಜವಾಗಿ ನೋಡಿದರೆ ಜೇವರ್ಗಿ ಕಡೆ ಶೇ. 100 ಆಗಿ ಮೋಡ ಕಟ್ಟಿದೆ, ಚಿತ್ತಾಪುರ ಕಡೆ ಶೇ. 60 ಇದ್ದು ಆಕಾಶ ಬೋಳು. ಈ ಒಳಗಿನ ಏರುಪೇರು ಮಾದರಿಗೆ ಕಾಣಲ್ಲ. ಹಾಗಾಗಿ ಮಾದರಿ ಬರೆಯುವವರು ಒಂದು ಅಂದಾಜಿನ ಸೂತ್ರ ಇಡುತ್ತಾರೆ. ತೇವಾಂಶ ಇಷ್ಟಿದ್ದರೆ ಚೌಕದಲ್ಲಿ ಇಷ್ಟು ಪಾಲು ಮೋಡ ಅಂತ. ಹನಿ ಎಷ್ಟು ದಪ್ಪ, ಯಾವಾಗ ಮಳೆಯಾಗಿ ಬೀಳುತ್ತೆ, ಎಷ್ಟು ಪಾಲು ಹಿಮದ ಹರಳು, ಎಲ್ಲಕ್ಕೂ ಇಂಥದ್ದೇ ಸೂತ್ರ. ಒಂದೊಂದು ದೇಶದ ತಂಡದ್ದು ಒಂದೊಂದು ಕೈ. ನಮ್ಮ ಕಡೆ ಕೌದಿ ಹೊಲಿದ ಹಾಗೆ. ಬಟ್ಟೆ ಚೂರು ಅವೇ, ಹೊಲಿಗೆ ಮಾತ್ರ ಅವರವರದ್ದು.

ಕೌದಿ ಅಂದ ಮೇಲೆ ಇನ್ನೊಂದು ಹೇಳಬೇಕು. ಮೋಡ ಹಗಲಿಗೆ ಛತ್ರಿ, ರಾತ್ರಿಗೆ ಕೌದಿ. ನಮ್ಮ ಮಾಳಿಗೆ ಫರ್ಸಿಯ ಮೇಲೆ ಬರಿಗಾಲಿಟ್ಟರೆ ಇದು ಗೊತ್ತಾಗುತ್ತೆ. ಆಕಾಶ ಬೋಳಿದ್ದ ರಾತ್ರಿ, ನಸುಕಿನ ನಾಲ್ಕು ಗಂಟೆಗೆ ಎದ್ದು ಕಾಲಿಟ್ಟರೆ ಕಲ್ಲು ತಣ್ಣಗೆ. ಹಗಲಿನ ಕಾವೆಲ್ಲ ಮೇಲಕ್ಕೆ ಹೋಗಿಬಿಟ್ಟಿರುತ್ತೆ. ಸಂಜೆ ಮೋಡ ಕವಿದು ಮಳೆ ಬಾರದೆ ಹಾಗೇ ನಿಂತ ರಾತ್ರಿ ಅದೇ ಕಲ್ಲು ನಸುಕಿನಲ್ಲೂ ಬೆಚ್ಚಗೆ. ಅವತ್ತು ಯಾರಿಗೂ ನಿದ್ದೆ ಇಲ್ಲ, ಬರೀ ಬೆವರು. ಮೋಡ ಕೆಳಗಿನ ಕಾವನ್ನು ಹೀರಿ ಮತ್ತೆ ಕೆಳಕ್ಕೇ ಕಳಿಸುತ್ತಿರುತ್ತೆ.

ಇಡೀ ಭೂಮಿಗೆ ಈ ಎರಡು ಕೆಲಸದ ಲೆಕ್ಕ ಉಪಗ್ರಹಗಳಿಂದ ಸಿಕ್ಕಿದೆ. ಮೋಡಗಳು ಚದರ ಮೀಟರಿಗೆ ಸುಮಾರು 45ರಿಂದ 50 ವಾಟ್ ಬಿಸಿಲನ್ನು ಮೇಲಕ್ಕೆ ತಿರುಗಿಸುತ್ತವೆ. ಸುಮಾರು 25ರಿಂದ 30 ವಾಟ್ ಕಾವನ್ನು ಕೆಳಗೆ ಹಿಡಿದಿಡುತ್ತವೆ. ಕಳೆದರೆ ಸುಮಾರು 20 ವಾಟ್ ತಂಪು. ಅಂದರೆ ಒಟ್ಟಾರೆ ಛತ್ರಿಯ ಕೆಲಸವೇ ಜಾಸ್ತಿ. ಈಗ ಇದನ್ನು ಪಕ್ಕದಲ್ಲಿಡಿ: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿಗೆ ಬೀಳುವ ಹೆಚ್ಚುವರಿ ಕಾವು ಸುಮಾರು 3.9 ವಾಟ್. ಮೋಡದ ಆ 20ರಲ್ಲಿ ಐದನೇ ಒಂದು ಪಾಲು ಆಚೀಚೆಯಾದರೆ ಸಾಕು, ಇಂಗಾಲದ ಇಡೀ ಬಾಕಿಗೆ ಸಮ.

ಸರಿ, ನಮ್ಮ ಮುಂಗಾರು ಮೋಡವನ್ನು ಎರಡು ಮಾದರಿಗಳು ಬೇರೆ ಬೇರೆ ಹೊಲಿದಿರಬೇಕು, ಅದಕ್ಕೇ ಈ ಗೆರೆಗಳ ಜಗಳ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಹುಡುಗನಿಗೂ ಒಪ್ಪಿಗೆಯಾಯಿತು. ವರದಿಯಲ್ಲಿ ಹಾಗೇ ಬರೆದುಬಿಡೋಣ ಅಂದ.

ರಾತ್ರಿ ಮಲಗಿದಾಗ ಸಂಶಯ ಬಂತು. ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. "ಕಲಬುರಗಿ ಚೌಕ ಬಿಡು. ಎರಡೂ ಮಾದರಿಯಿಂದ ಇಡೀ ಭೂಮಿಯ ಸರಾಸರಿ ಏರಿಕೆ ತೆಗೆದು ನೋಡು." ಮಧ್ಯಾಹ್ನ ಚಿತ್ರ ಕಳಿಸಿದ. ಅದೇ ಏಣಿ, ಅದೇ ಗಾಡಿ. ನಮ್ಮ ಊರು ಲೆಕ್ಕದಲ್ಲಿ ಇಲ್ಲದಿದ್ದರೂ ಜಗಳ ಅಷ್ಟೇ ಇತ್ತು. ಅಂದರೆ ರೋಗ ನಮ್ಮ ಚೌಕದಲ್ಲಿ ಇರಲೇ ಇಲ್ಲ.

ಬಳಪದ ಲೆಕ್ಕ

ಮೂರನೇ ಭಾನುವಾರ ಮಾಳಿಗೆಯ ಗೋಡೆ ಮೇಲೆ ಬಳಪದಿಂದ ಲೆಕ್ಕ ಬರೆದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಇಡೀ ಕತೆಯ ಗಂಟು ಇಲ್ಲಿದೆ.

ಭೂಮಿ ಒಂದು ಡಿಗ್ರಿ ಬಿಸಿಯಾದರೆ ಚದರ ಮೀಟರಿಗೆ ಸುಮಾರು 3.2 ವಾಟ್ ಜಾಸ್ತಿ ಕಾವನ್ನು ಹೊರಗೆ ಬಿಡುತ್ತೆ. ಹಾಗೆ ಬಿಡುತ್ತಾ ಬಿಡುತ್ತಾ ಸರಿದೂಗಿಸಿಕೊಳ್ಳುತ್ತೆ. ಬೇರೇನೂ ಬದಲಾಗದಿದ್ದರೆ 3.9ನ್ನು 3.2ರಿಂದ ಭಾಗಿಸಿದರೆ 1.2 ಡಿಗ್ರಿ. ಇಂಗಾಲ ಎರಡು ಪಟ್ಟಾದರೆ ಇಷ್ಟೇ ಏರಿಕೆ. ಆದರೆ ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತೆ, ಆವಿಯೂ ಕಾವು ಹಿಡಿಯುತ್ತೆ. ಹಿಮ ಕರಗಿದ ಕಡೆ ನೆಲ ಕಪ್ಪಾಗಿ ಬಿಸಿಲು ಕುಡಿಯುತ್ತೆ. ಇವೆಲ್ಲ ಸೇರಿ ಆ 3.2ರಲ್ಲಿ ಅರ್ಧದಷ್ಟು ತಿಂದುಹಾಕುತ್ತವೆ. ಉಳಿಯೋದು ಸುಮಾರು 1.6. ಈಗ 3.9ನ್ನು 1.6ರಿಂದ ಭಾಗಿಸಿ. 2.4 ಡಿಗ್ರಿ. ಇಲ್ಲಿವರೆಗೆ ಮಾದರಿಗಳ ನಡುವೆ ದೊಡ್ಡ ಜಗಳ ಇಲ್ಲ.

ಉಳಿದದ್ದು ಮೋಡ. ಭೂಮಿ ಬಿಸಿಯಾದಾಗ ಮೋಡಗಳು ಬದಲಾಗಿ, ಡಿಗ್ರಿಗೆ 0.4 ವಾಟ್ ಇನ್ನೂ ಕಾವು ಉಳಿಸಿದವು ಅನ್ನಿ. ಕೆಳಗೆ 1.2 ಉಳಿಯಿತು. ಉತ್ತರ 3.2ರ ಮೇಲೆ ಹೋಯಿತು. ಮೋಡ 0.9 ಉಳಿಸಿದರೆ? ಕೆಳಗೆ 0.7. ಉತ್ತರ ಸುಮಾರು 5.6! ಮೋಡವೇ ತಿರುಗಿ ನಿಂತು 0.4 ತಂಪು ಮಾಡಿದರೆ ಕೆಳಗೆ 2.0, ಉತ್ತರ 2ಕ್ಕೂ ಕಡಿಮೆ.

"ಸರ್, ಬಡ್ಡಿ ಆಡ್ಯಾಡಿದ್ಹಂಗ ಆಯ್ತಲ್ರಿ" ಅಂದ ಹುಡುಗ. ಅರ್ಧ ವಾಟು ಆಚೆ ಹೋದರೆ ಉತ್ತರ ಎರಡು ಡಿಗ್ರಿಗಿಂತ ಜಾಸ್ತಿ ಓಡುತ್ತೆ. ಈಚೆ ಬಂದರೆ ಅಷ್ಟು ಇಳಿಯಲ್ಲ. ಭಾಗಾಕಾರದ ಗುಣವೇ ಅದು. ಕೆಳಗಿನ ಸಂಖ್ಯೆ ಸೊನ್ನೆ ಕಡೆ ಜಾರಿದಷ್ಟೂ ಉತ್ತರಕ್ಕೆ ಹಿಡಿತ ಇರಲ್ಲ.

ಆಮೇಲೆ ಇಬ್ಬರೂ ಸೇರಿ ಮಾದರಿಗಳ ಜಾತಕ ತೆಗೆದೆವು. ಇಂಗಾಲ ಎರಡು ಪಟ್ಟಾಗಿ ಎಲ್ಲಾ ನೆಲೆಗೊಂಡ ಮೇಲೆ ಒಟ್ಟು ಎಷ್ಟು ಡಿಗ್ರಿ ಏರುತ್ತೆ ಅನ್ನೋ ಅಂಕಿ ಪ್ರತಿ ಮಾದರಿಗೂ ಇದೆ. ಅದಕ್ಕೆ ಹವಾಮಾನ ಸಂವೇದನೆ ಅಂತಾರೆ. ಕ್ಯಾನ್‌ಇಎಸ್‌ಎಂ5ಕ್ಕೆ 5.6. ರಷ್ಯಾದ ಐಎನ್‌ಎಂ ಮಾದರಿಗೆ 1.9. ಇದೇ ತಂಡದ ಇನ್ನೊಂದು ಆವೃತ್ತಿಗೆ 1.8. ಸಿಮಿಪ್-6 ಅನ್ನೋ ಜಗತ್ತಿನ ಮಾದರಿಗಳ ಕೂಟದಲ್ಲಿ ಅಂಕಿಗಳು ಹರಡಿರೋದೇ 1.8ರಿಂದ 5.6ರವರೆಗೆ. ಫೈಲ್ ಸಣ್ಣದು ಅಂತ ಆರಿಸಿದ ಹುಡುಗ ಹಗ್ಗದ ಎರಡು ತುದಿಗಳನ್ನೇ ಹಿಡಿದುಬಿಟ್ಟಿದ್ದ!

ದೂರದ ಸಮುದ್ರ

ಹಾಗಾದರೆ ಯಾವ ಮೋಡ? ಇಲ್ಲೇ ನನ್ನ ಹಳೇ ತೀರ್ಮಾನ ಪೂರ್ತಿ ಬಿದ್ದುಹೋಯಿತು.

ಮಾದರಿಗಳ ಜಗಳದ ಮುಖ್ಯ ಪಾಲು ಸಮುದ್ರದ ಮೇಲಿನ ತಗ್ಗು ಮೋಡದ್ದು. ಪೆರು, ಕ್ಯಾಲಿಫೋರ್ನಿಯಾ, ನಮೀಬಿಯಾ ದಡದಾಚೆ ತಣ್ಣನೆ ಸಮುದ್ರದ ಮೇಲೆ ನೂರಾರು ಮೀಟರ್ ದಪ್ಪದ ಮೋಡದ ಹಾಸು ಇರುತ್ತೆ. ಮೇಲಿನಿಂದ ನೋಡಿದರೆ ಅರಳೆ ಬಿಚ್ಚಿ ಹರಡಿದ ಹಾಗೆ. ಅದು ನೆಲಕ್ಕೆ ಹತ್ತಿರ ಇರೋದರಿಂದ ಕೌದಿಯ ಕೆಲಸ ಅದಕ್ಕೆ ಅಷ್ಟಾಗಿ ಬರಲ್ಲ. ಪೂರಾ ಛತ್ರಿ. ಸಮುದ್ರ ಬಿಸಿಯಾದರೆ ಮೇಲಿನ ಒಣಗಾಳಿ ಒಳಗೆ ಬೆರೆತು ಈ ಹಾಸು ತೆಳ್ಳಗಾಗುತ್ತೆ. ಛತ್ರಿಗೆ ತೂತು ಬಿದ್ದರೆ ಸಮುದ್ರ ಇನ್ನೂ ಕಾಯುತ್ತೆ. ಎಷ್ಟು ತೂತು ಅನ್ನೋದರಲ್ಲಿ ಒಂದೊಂದು ಮಾದರಿ ಒಂದೊಂದು ಮಾತು ಹೇಳುತ್ತೆ.

ಇನ್ನೊಂದು ಜಾಗ ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರ. ಇದರ ಕತೆ ನನಗೆ ಬಹಳ ಇಷ್ಟ. ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತೆ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಮೋಡದ ಸಣ್ಣ ಹನಿಗೆ ಅದು ಅನ್ವಯಿಸಲ್ಲ. ಹಿಡಿದು ಹೆಪ್ಪಾಗೋಕೆ ಒಂದು ಧೂಳಿನ ಕಣ ಬೇಕು. ಅದು ಸಿಗದಿದ್ದರೆ ಮೈನಸ್ 38ರ ಹತ್ತಿರದವರೆಗೂ ಹನಿ ನೀರಾಗಿಯೇ ಇರಬಲ್ಲದು. ದಕ್ಷಿಣ ಸಾಗರದ ಗಾಳಿಯಲ್ಲಿ ಧೂಳು ಬಹಳ ಕಡಿಮೆ. ಕಲಬುರಗಿಯವರಿಗೆ ಇದನ್ನು ಊಹಿಸಿಕೊಳ್ಳೋದು ಕಷ್ಟ, ಅಲ್ವಾ? ಹಾಗಾಗಿ ಅಲ್ಲಿನ ಮೋಡಗಳಲ್ಲಿ ನೀರ ಹನಿ ತುಂಬಿವೆ. ಹಳೆಯ ಮಾದರಿಗಳು ಅಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹಿಮ ಇಟ್ಟಿದ್ದವು. ಹಿಮದ ಹರಳು ದಪ್ಪ, ಬೇಗ ಬಿದ್ದುಹೋಗುತ್ತೆ. ನೀರ ಹನಿ ಸಣ್ಣದು, ಸಂಖ್ಯೆ ಜಾಸ್ತಿ, ಬಿಸಿಲನ್ನು ಚೆನ್ನಾಗಿ ತಿರುಗಿಸುತ್ತೆ. ಆ ಮಾದರಿಗಳಲ್ಲಿ ಭೂಮಿ ಬಿಸಿಯಾದ ಹಾಗೆ ಹಿಮ ನೀರಾಗಿ, ಮೋಡ ಇನ್ನೂ ಬೆಳ್ಳಗಾಗಿ, ಬಿಸಿಗೆ ಬ್ರೇಕ್ ಬೀಳುತ್ತಿತ್ತು. ನಿಜದಲ್ಲಿ ಅದು ಮೊದಲೇ ನೀರು. ಆ ಬ್ರೇಕ್ ಅಷ್ಟು ಗಟ್ಟಿ ಇಲ್ಲ.

2006ರಲ್ಲಿ ಹಾರಿದ ಕ್ಲೌಡ್‌ಸ್ಯಾಟ್, ಕ್ಯಾಲಿಪ್ಸೊ ಉಪಗ್ರಹಗಳು ಮೋಡವನ್ನು ಮೇಲಿನಿಂದ ಸೀಳಿ ನೋಡಿದಾಗ ಇದು ಸ್ಪಷ್ಟವಾಯಿತು. ಹಲವು ತಂಡಗಳು ತಮ್ಮ ಸೂತ್ರ ತಿದ್ದಿಕೊಂಡವು. ತಿದ್ದಿದ್ದು ಒಳ್ಳೆಯದಕ್ಕೇ. ಆದರೆ ಬ್ರೇಕ್ ಸಡಿಲವಾಗಿ ಹೊಸ ಮಾದರಿಗಳಲ್ಲಿ ಕೆಲವು ತೀರಾ ಬಿಸಿಯಾದವು. ಒಂದು ಕಡೆ ತಿದ್ದಿದರೆ, ಅದರ ಜೊತೆ ಸರಿದೂಗುತ್ತಿದ್ದ ಇನ್ನೊಂದು ತಪ್ಪು ಬಯಲಿಗೆ ಬರುತ್ತೆ. ಹಳೇ ಮನೆ ರಿಪೇರಿ ಮಾಡಿಸಿದವರಿಗೆ ಇದು ಹೊಸದಲ್ಲ.

ಈ ಜಗಳ ಹಳೆಯದು. 1979ರಲ್ಲಿ ಅಮೆರಿಕದಲ್ಲಿ ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ ನೇತೃತ್ವದ ಸಮಿತಿ ಇದೇ ಹವಾಮಾನ ಸಂವೇದನೆ ಎಷ್ಟು ಅಂತ ನೋಡೋಕೆ ಕೂತಾಗ ಅವರ ಮುಂದೆ ಮುಖ್ಯವಾಗಿ ಇಬ್ಬರ ಮಾದರಿ ಇದ್ದವು. ಸ್ಯುಕುರೊ ಮನಾಬೆ ಅವರದ್ದು ಸುಮಾರು 2 ಡಿಗ್ರಿ ಅಂತಿತ್ತು, ಜೇಮ್ಸ್ ಹ್ಯಾನ್ಸನ್ ಅವರದ್ದು ಸುಮಾರು 4. ಸಮಿತಿ ಎರಡೂ ಬದಿಗೆ ಅರ್ಧರ್ಧ ಡಿಗ್ರಿ ಬಿಟ್ಟು 1.5ರಿಂದ 4.5 ಅಂದಿತು. ನಮ್ಮ ಹುಡುಗನ ಹಾಗೇ ಅವರ ಕೈಯಲ್ಲೂ ಎರಡೇ ಗೆರೆ! ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2013ರ ವರದಿಯಲ್ಲೂ ಅದೇ 1.5ರಿಂದ 4.5 ಇತ್ತು. ನಡುವೆ 1989ರಲ್ಲಿ ರಾಬರ್ಟ್ ಸೆಸ್ ಮತ್ತು ಜೊತೆಗಾರರು 14 ಮಾದರಿ ಪಕ್ಕಪಕ್ಕ ಇಟ್ಟು ನೋಡಿದ್ದರು. ಮೋಡ ತೆಗೆದು ನೋಡಿದರೆ ಹತ್ತಿರ ಹತ್ತಿರ ಒಂದೇ ಉತ್ತರ. ಮೋಡ ಸೇರಿಸಿದರೆ ಮೂರು ಪಟ್ಟು ವ್ಯತ್ಯಾಸ.

ಇಷ್ಟು ಓದಿದವರು, ಹಾಗಾದರೆ ಏನೂ ಗೊತ್ತಿಲ್ಲ ಅಂತಾಯ್ತು ಅಂದುಬಿಡಬಹುದು. ಹಾಗಲ್ಲ. 2021ರ ಐಪಿಸಿಸಿ ವರದಿ ಮಾದರಿಗಳನ್ನು ಮಾತ್ರ ನಂಬಿ ಕೂಡಲಿಲ್ಲ. ಹಿಂದಿನ ಹಿಮಯುಗ, ಕಳೆದ ನೂರೈವತ್ತು ವರ್ಷದ ಉಷ್ಣಾಂಶ, ಉಪಗ್ರಹ ಕಂಡ ಮೋಡ, ಎಲ್ಲಾ ಸೇರಿಸಿ ತೂಗಿತು. ಉತ್ತರ: 2.5ರಿಂದ 4ರ ನಡುವೆ, ನಡುಗಂಬ 3 ಡಿಗ್ರಿ. 2ಕ್ಕಿಂತ ಕಡಿಮೆ, 5ಕ್ಕಿಂತ ಜಾಸ್ತಿ ಎರಡೂ ತೀರಾ ಅಪರೂಪದ ಸಾಧ್ಯತೆ. 2020ರ ಜನವರಿ, ಫೆಬ್ರವರಿಯಲ್ಲಿ ಬಾರ್ಬಡೋಸ್ ಹತ್ತಿರ ವಿಮಾನಗಳನ್ನು ಸುತ್ತು ಹೊಡೆಸಿ ಸಣ್ಣ ಬಿಳಿ ಮೋಡಗಳನ್ನು ಅಳೆದರು. ಬಿಸಿ ಮಾದರಿಗಳು ಹೇಳುವಷ್ಟು ಸುಲಭಕ್ಕೆ ಆ ಮೋಡಗಳು ಒಣಗಲ್ಲ ಅಂತ ಕಂಡುಬಂತು. ಅಂದರೆ 5.6ರ ಏಣಿಗೂ ಬಲ ಕಡಿಮೆ, 1.9ರ ಗಾಡಿಗೂ ಬಲ ಕಡಿಮೆ. ತಗ್ಗು ಅಂಕಿ ನೋಡಿ ಸಮಾಧಾನ ಪಡುವವರು ಮೇಲಿನ ಭಾಗಾಕಾರ ಇನ್ನೊಂದು ಸಲ ನೋಡಬೇಕು. ಮೋಡಕ್ಕೆ ಏನೂ ಹಾಕದೆ ಬಿಟ್ಟರೂ 2.4 ಬರುತ್ತೆ.

"ನಮ್ಮ ದೇಶದ್ದು ಮಾದರಿ ಇಲ್ಲೇನ್ರಿ ಸರ್?" ಅಂತ ಹುಡುಗ ಕೇಳಿದ. ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದ್ದು. ಸಿಮಿಪ್-6ಕ್ಕೆ ಸೇರಿದ ಮೊದಲ ಭಾರತೀಯ ಮಾದರಿ. ಅದೇ ಸಂಸ್ಥೆ 2018, 2019ರ ಮುಂಗಾರಿನಲ್ಲಿ ನಮ್ಮ ಪಕ್ಕದ ಸೋಲಾಪುರದಲ್ಲಿ ವಿಮಾನ ಹಾರಿಸಿ ಮೋಡದೊಳಗಿನ ಹನಿ ಅಳೆದಿತ್ತು. ಅದು ಮೋಡ ಬಿತ್ತನೆಗಾಗಿ ಮಾಡಿದ ಪ್ರಯೋಗ, ಆದರೂ ಸೂತ್ರ ತಿದ್ದೋಕೆ ಇಂಥ ಅಳತೆಯೇ ಬೇಕು.

ಕೋಷ್ಟಕದಲ್ಲಿ ಏನು ಬರೆದೆವು

ಎರಡರ ಸರಾಸರಿ ತೆಗೆದುಬಿಡೋಣ ಅಂದ ಹುಡುಗ. ಬೇಡ ಅಂದೆ. 5.6ಕ್ಕೂ 1.9ಕ್ಕೂ ನಡುವಿನದ್ದು 3.75 ಆಗುತ್ತೆ. ನೋಡೋಕೆ ಸಭ್ಯ ಅಂಕಿ. ಆದರೆ ಎರಡು ಅತಿಗಳನ್ನು ಕೂಡಿಸಿ ಭಾಗಿಸಿದರೆ ಅದು ಹೇಗೆ ಸರಿ ಆಗುತ್ತೆ?

2022ರಲ್ಲಿ ಕೆಲವು ವಿಜ್ಞಾನಿಗಳು ಇಂಥ ತೊಂದರೆಗೇ ಒಂದು ದಾರಿ ಒತ್ತಿ ಹೇಳಿದರು. ಐಪಿಸಿಸಿ ವರದಿಯಲ್ಲೂ ಅದೇ ದಾರಿ ಇದೆ. 2070ರಲ್ಲಿ ಎಷ್ಟು ಅಂತ ಕೇಳಬೇಡಿ. ಭೂಮಿಯ ಸರಾಸರಿ 2 ಡಿಗ್ರಿ ಏರಿದಾಗ ನಿಮ್ಮೂರಲ್ಲಿ ಎಷ್ಟು ಅಂತ ಕೇಳಿ. ಅವಸರದ ಮಾದರಿ ಆ 2ನ್ನು ಬೇಗ ಮುಟ್ಟುತ್ತೆ, ನಿಧಾನದ್ದು ತಡವಾಗಿ ಮುಟ್ಟುತ್ತೆ. ಮುಟ್ಟಿದಾಗ ಊರಿನ ಪಾಡು ಏನು ಅನ್ನೋದನ್ನು ಎರಡನ್ನೂ ಕೇಳಿ.

ಹಾಗೇ ಮಾಡಿದೆವು. ವರ್ಷದ ಕಾಲಂ ಅಳಿಸಿ, 1.5, 2, 3 ಡಿಗ್ರಿ ಅಂತ ಮೂರು ಕಾಲಂ ಹಾಕಿದೆವು. ಎರಡೇ ಮಾದರಿ ಸಾಲದು ಅಂತ ಹುಡುಗ ಇನ್ನೂ ಕೆಲವು ಇಳಿಸಿದ. ಈ ಸಲ ದೊಡ್ಡ ಫೈಲುಗಳು. ರಾತ್ರಿಯಿಡೀ ಇಳಿದವು, ನಡುವೆ ಎರಡು ಸಲ ಕರೆಂಟ್ ಹೋಯಿತು. ಆದರೆ ಕಲಬುರಗಿಯ ಅಂಕಿಗಳು ಒಂದಕ್ಕೊಂದು ಹತ್ತಿರ ಬಂದವು. ಪೂರ್ತಿ ಕೂಡಲಿಲ್ಲ. ನಮ್ಮ ಮುಂಗಾರು ಮೋಡ, ಗಾಳಿಯ ಧೂಳು, ನೀರಾವರಿ ಇವೆಲ್ಲ ಒಳಗೆ ಆಡುತ್ತಲೇ ಇರುತ್ತವೆ. ಕಾಕಾನ ಎತ್ತಿನ ಕೋಡು ಅಲ್ಲಿ ಬಂತು. ಆದರೆ ಆ ಅಂತರ ಇಟ್ಟುಕೊಂಡು ಛಾವಣಿ ಮಾಡಬಹುದು.

ಆಫೀಸು ಕೊನೆಗೆ 2 ಡಿಗ್ರಿ ಕಾಲಂ ಹಿಡಿದು ಛಾವಣಿ ಲೆಕ್ಕ ಮಾಡಿತು. 3 ಡಿಗ್ರಿ ಬಂದರೂ ಕೆಡದ ಹಾಗೆ, ಮೇಲೆ ಇನ್ನೊಂದು ನೆರಳಿನ ಹೊದಿಕೆ ಕೂಡಿಸೋಕೆ ಕಂಬಕ್ಕೆ ಜಾಗ ಬಿಟ್ಟರು. ಮೇಲೆ ಬಿಳಿ ಬಣ್ಣ, ಅಡ್ಡಗಾಳಿಗೆ ಎದುರುಬದುರು ಕಿಟಕಿ. ನಾನು ಒಂದೇ ಒಂದು ಮಾತು ಸೇರಿಸಿದೆ. ಹಗಲಿನ ಬಿಸಿಲು ಮಾತ್ರ ನೋಡಬೇಡಿ, ಮೋಡ ಕವಿದ ರಾತ್ರಿ ಹುಡುಗರು ಎಲ್ಲಿ ಮಲಗುತ್ತಾರೆ ಅಂತಲೂ ನೋಡಿ ಅಂತ. ನಕ್ಷೆಯಲ್ಲಿ ಮಾಳಿಗೆಗೆ ಹೋಗುವ ಮೆಟ್ಟಿಲಿಗೆ ಬೀಗ ಹಾಕಿದ್ದರು. ಅದನ್ನು ತೆಗೆಸಿ, ಸುತ್ತ ಎದೆಮಟ್ಟದ ಗೋಡೆ ಹಾಕಿಸಿದರು.

ವರದಿಯಲ್ಲಿ ಹುಡುಗ ಒಂದು ಪುಟ ಮೋಡದ ಬಗ್ಗೆ ಬರೆದಿದ್ದ. ಪೆರು, ನಮೀಬಿಯಾ, ದಕ್ಷಿಣ ಸಾಗರ ಎಲ್ಲಾ ಇತ್ತು. ಮಾಲೀಕರು ಕೆಂಪು ಪೆನ್ನಲ್ಲಿ ಪೂರ್ತಿ ಪುಟಕ್ಕೆ ಗೀಟು ಹಾಕಿ ಪಕ್ಕದಲ್ಲಿ ಬರೆದರಂತೆ: "ಹಾಸ್ಟೆಲ್ ರಿಪೋರ್ಟಿನಾಗ ಅಂಟಾರ್ಕ್ಟಿಕಾ ಯಾಕ ಬಂತು?" ಪುಟ ಹೋಯಿತು. ಎರಡು ವಾರದ ನಂತರ ಕಟ್ಟಿಸುವವರಿಂದ ಫೋನ್ ಬಂತು. ಬೇರೆ ಕಡೆ ವಿಚಾರಿಸಿದ್ದರಂತೆ. ಅವರು ಹೇಳಿದ ಅಂಕಿ ಬೇರೆ, ನೀವು ಕೊಟ್ಟದ್ದು ಬೇರೆ, ವರ್ಷ ಯಾಕೆ ಬರೆದಿಲ್ಲ, ಯಾವುದು ನಂಬಬೇಕು ಅಂತ.

ಅವತ್ತು ಸಂಜೆಯೇ ಆ ಪುಟ ವರದಿಗೆ ವಾಪಸ್ ಬಂತು.